ಕೇಬಲ್ಲಿಗೆ ಎರಡು ಚಮಚ ಎಣ್ಣೆ: ಸಂಘಕ್ಕೆ ಹಾಲು ಸಾಗಿಸುವ ಬೈಕಿನ ಆರೈಕೆ



ರಾಸುಗಳ ಆರೋಗ್ಯ, ಹಸಿರು ಮೇವು, ಸಮತೋಲನ ಪಶು ಆಹಾರ, ಶುದ್ಧ ಹಾಲು ಉತ್ಪಾದನೆ ಮುಂತಾದ ವಿಷಯಗಳನ್ನು ನಾವು ಈ ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಆದರೆ ಕರೆದ ಹಾಲನ್ನು ಹೊತ್ತಿಗೆ ಸರಿಯಾಗಿ ಸಂಘಕ್ಕೆ ತಲುಪಿಸುವ ಬೈಕು ಅಥವಾ ಮೊಪೆಡ್ಡಿನ ಬಗ್ಗೆ ಮಾತನಾಡುವುದು ಅಪರೂಪ. ಇಂದು ನಮ್ಮಲ್ಲಿ ಬಹಳ ಮಂದಿ ಎರಡು ಹೊತ್ತೂ ಕ್ಯಾನು ಕಟ್ಟಿಕೊಂಡು ಹೋಗುವುದು ಇಂಥ ಗಾಡಿಗಳಲ್ಲೇ. ಆದ್ದರಿಂದ ಮನೆಯಲ್ಲೇ ಮಾಡಬಹುದಾದ ಒಂದು ಚಿಕ್ಕ ಕೆಲಸವನ್ನು ಇಲ್ಲಿ ವಿವರಿಸಿದ್ದೇನೆ. ಅದು ಕ್ಲಚ್, ಬ್ರೇಕ್ ಮತ್ತು ಎಕ್ಸಲರೇಟರ್ ಕೇಬಲ್ಲುಗಳಿಗೆ ಎಣ್ಣೆ ಬಿಡುವುದು.

ಒಂದು ಸಂಜೆಯ ಪಾಠ

ನನ್ನ ಅನುಭವದಿಂದಲೇ ಆರಂಭಿಸುತ್ತೇನೆ. ನಮ್ಮ ತೋಟದ ಮನೆಯಿಂದ ಸಂಘಕ್ಕೆ ನಾಲ್ಕು ಕಿಲೋಮೀಟರ್ ದೂರ. ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯ ಸಂಜೆ, ಎರಡು ಕ್ಯಾನುಗಳಲ್ಲಿ ಹಾಲು ಕಟ್ಟಿಕೊಂಡು ಕೆರೆ ಏರಿ ಹತ್ತುತ್ತಿದ್ದೆ. ಗೇರು ಇಳಿಸಲು ಕ್ಲಚ್ ಹಿಡಿದಾಗ ಟಪ್ ಎಂದು ಕೇಬಲ್ಲು ತುಂಡಾಯಿತು. ಲಿವರು ಸತ್ತ ಹಾಗೆ ಹ್ಯಾಂಡಲ್ಲಿಗೆ ಅಂಟಿಕೊಂಡಿತು. ಬೈಕು ಒಮ್ಮೆ ಜಗ್ಗಿ ನಿಂತು ಪಕ್ಕಕ್ಕೆ ವಾಲಿತು. ಹೇಗೋ ಕಾಲು ಕೊಟ್ಟು ಹಿಡಿದುಕೊಂಡೆ. ಎಡಗಡೆಗೆ ಬಿದ್ದಿದ್ದರೆ ಕೆರೆಯ ಪಾಲಾಗುತ್ತಿದ್ದೆ.

ಅಲ್ಲಿಂದ ಗಾಡಿಯನ್ನು ತಳ್ಳಿಕೊಂಡು ಸಂಘ ಸೇರುವಷ್ಟರಲ್ಲಿ ಕತ್ತಲಾಗಿತ್ತು. ಕಾರ್ಯದರ್ಶಿಯವರು ಮುಚ್ಚಳ ತೆಗೆದು ವಾಸನೆ ನೋಡಿ, "ಅಣ್ಣಾ, ಹಾಲು ತಿರುಗಿದೆ. ಒಬ್ಬರ ಹಾಲಿಗಾಗಿ ಊರಿನವರೆಲ್ಲರ ಹಾಲು ಕೆಡಿಸೋಕಾಗಲ್ಲ" ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಕರೆದ ಹಾಲು ಹಸುವಿನ ಮೈ ಬಿಸಿಯಲ್ಲೇ ಇರುತ್ತದೆ. ಬೇಸಿಗೆಯ ಸೆಕೆಯಲ್ಲಿ ಅದು ತಣಿಯುವುದಿಲ್ಲ. ಆ ಬಿಸಿಯಲ್ಲಿ ಸೂಕ್ಷ್ಮಾಣುಗಳು ಬಲು ಬೇಗ ಹೆಚ್ಚುತ್ತವೆ. ಎರಡು ಗಂಟೆಯೊಳಗೆ ಹಾಲು ಸಂಘಕ್ಕೆ ಸೇರಿ ತಣ್ಣಗಾಗಬೇಕು ಎಂದು ಹೇಳುವುದು ಇದಕ್ಕಾಗಿಯೇ.

ಹಾಲನ್ನು ವಾಪಸು ತಂದಾಗ ನನ್ನ ಮನೆಯವರು ಬೈಯಲಿಲ್ಲ. "ಹಸುವಿಗೆ ಕಾಲಕಾಲಕ್ಕೆ ಜಂತುಹುಳದ ಔಷಧಿ ಹಾಕಿಸ್ತೀರಿ. ಗಾಡಿಗೆ ಏನು ಹಾಕಿದ್ರಿ?" ಎಂದಷ್ಟೇ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಮರುದಿನ ಮೆಕ್ಯಾನಿಕ್ ಆ ಕೇಬಲ್ಲನ್ನು ಬಿಚ್ಚಿ ತೋರಿಸಿದರು. ಒಳಗೆ ಒಂದು ತೊಟ್ಟು ಎಣ್ಣೆಯೂ ಇರಲಿಲ್ಲ. ಕೆಂಪು ತುಕ್ಕಿನ ಪುಡಿ ಉದುರಿತು. ಅದಕ್ಕಿಂತ ಮುಖ್ಯವಾದ ಸಂಗತಿ ಆಮೇಲೆ ನೆನಪಾಯಿತು. ಎರಡು ವಾರದಿಂದ ಕ್ಲಚ್ ಬಿಗಿಯಾಗಿತ್ತು, ಎಡಗೈ ನೋಯುತ್ತಿತ್ತು. ಹಾಲು ಕರೆದು ಕೈ ಸೋತಿದೆ ಎಂದುಕೊಂಡಿದ್ದೆ. ಕೇಬಲ್ಲು ಮೊದಲೇ ಸೂಚನೆ ಕೊಟ್ಟಿತ್ತು, ನಾನು ಕೇಳಿಸಿಕೊಂಡಿರಲಿಲ್ಲ.

ಕೇಬಲ್ ಎಂದರೇನು?

ಕೇಬಲ್ಲಿನಲ್ಲಿ ಎರಡು ಭಾಗಗಳಿವೆ. ಒಳಗೆ ಸಣ್ಣ ಉಕ್ಕಿನ ಎಳೆಗಳನ್ನು ಹುರಿ ಮಾಡಿದ ತಂತಿ ಇರುತ್ತದೆ. ಹೊರಗೆ ಸ್ಪ್ರಿಂಗಿನಂತೆ ಸುತ್ತಿದ ಉಕ್ಕಿನ ಕೊಳವೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ. ಇದನ್ನು ಔಟರ್ ಎನ್ನುತ್ತಾರೆ. ಒಳತಂತಿಯ ತುದಿಗಳಲ್ಲಿ ಲಿವರಿನ ಗುಳಿಯೊಳಗೆ ಕೂರುವ ಲೋಹದ ಗುಂಡು ಇರುತ್ತದೆ, ಇದೇ ನಿಪ್ಪಲ್. ಹೊರಕೊಳವೆ ಅಲುಗಾಡದೆ ನಿಂತು, ಒಳತಂತಿ ಮಾತ್ರ ಜಾರುವುದರಿಂದ ನಮ್ಮ ಬೆರಳಿನ ಬಲ ಅಂಕುಡೊಂಕಾದ ದಾರಿಯಲ್ಲೂ ಎಂಜಿನ್ನಿಗೆ ಅಥವಾ ಚಕ್ರಕ್ಕೆ ಮುಟ್ಟುತ್ತದೆ. 1896ರಲ್ಲಿ ಅರ್ನೆಸ್ಟ್ ಮೋನಿಂಗ್ಟನ್ ಬೌಡನ್ ಎಂಬವರು ಇದಕ್ಕೆ ಹಕ್ಕುಪತ್ರ ಪಡೆದರು. ಆದ್ದರಿಂದ ಇಂದಿಗೂ ಇದಕ್ಕೆ ಬೌಡನ್ ಕೇಬಲ್ ಎಂಬ ಹೆಸರಿದೆ.

ಒಳತಂತಿ ಸುಲಭವಾಗಿ ಜಾರಬೇಕು ಎಂಬುದೇ ಇದರ ಗುಟ್ಟು. ಮಳೆ ನೀರು, ರಸ್ತೆಯ ಧೂಳು, ಗಾಡಿ ತೊಳೆಯುವಾಗ ಪೈಪಿನಿಂದ ಹಾಯಿಸುವ ನೀರು ಇವೆಲ್ಲ ಲಿವರಿನ ಕಡೆಯ ತುದಿಯಿಂದ ಒಳಗಿಳಿಯುತ್ತವೆ. ಎಣ್ಣೆ ಆರಿ ತುಕ್ಕು ಹಿಡಿದಾಗ, ಕೇಬಲ್ಲು ಬಾಗಿರುವ ಜಾಗಗಳಲ್ಲಿ ತಂತಿ ಕೊಳವೆಯ ಗೋಡೆಗೆ ಉಜ್ಜುತ್ತದೆ. ನಾವು ಇನ್ನಷ್ಟು ಬಲವಾಗಿ ಎಳೆಯುತ್ತೇವೆ. ಆ ಹೆಚ್ಚಿನ ಬಲವೆಲ್ಲ ತಂತಿಯ ಮೇಲೆ ಬೀಳುತ್ತದೆ. ಲಿವರಿನ ಬಳಿ ನಿಪ್ಪಲ್ ಸರಿಯಾಗಿ ತಿರುಗದಿದ್ದರೆ ತಂತಿ ಅಲ್ಲೇ ಪ್ರತಿ ಸಲವೂ ಬಾಗಿ ಒಂದೊಂದೇ ಎಳೆ ಕಡಿಯುತ್ತದೆ. ಕೊನೆಗೆ ಒಂದು ದಿನ, ಸಾಮಾನ್ಯವಾಗಿ ಭಾರ ಹೇರಿದ ದಿನವೇ, ಪೂರ್ತಿ ತುಂಡಾಗುತ್ತದೆ. ಎತ್ತಿನ ಗಾಡಿಯ ಕಾಲದಲ್ಲಿ ನಮ್ಮ ಹಿರಿಯರು ಅಚ್ಚಿಗೆ ಕೀಲೆಣ್ಣೆ ಹಾಕದೆ ಗಾಡಿ ಕಟ್ಟುತ್ತಿರಲಿಲ್ಲ. ಆ ರೂಢಿಯನ್ನು ನಾವು ಬೈಕಿಗೂ ತರಬೇಕಾಗಿದೆ.

ಯಾವ ಗಾಡಿಗೆ ಯಾವ ಕೇಬಲ್?

ಗೇರು ಇರುವ ಬೈಕುಗಳಲ್ಲಿ ಕ್ಲಚ್ ಮತ್ತು ಎಕ್ಸಲರೇಟರ್ ಕೇಬಲ್ಲುಗಳಿರುತ್ತವೆ. ಮುಂದಿನ ಬ್ರೇಕು ಡ್ರಮ್ ಆಗಿದ್ದರೆ ಅದಕ್ಕೂ ಕೇಬಲ್ ಇರುತ್ತದೆ. ಡಿಸ್ಕ್ ಬ್ರೇಕಿಗೆ ಕೇಬಲ್ ಇಲ್ಲ. ಅದು ಬ್ರೇಕ್ ದ್ರವದಿಂದ ಕೆಲಸ ಮಾಡುತ್ತದೆ, ಅಲ್ಲಿಗೆ ಎಣ್ಣೆ ಸೋಕಿಸಲೇಬಾರದು. ಕ್ಯಾನು ಸಾಗಿಸುವವರಿಗೆ ಅಚ್ಚುಮೆಚ್ಚಿನ ಟಿ.ವಿ.ಎಸ್. ಎಕ್ಸ್.ಎಲ್. ಮೊಪೆಡ್ಡಿನಲ್ಲಿ ಕ್ಲಚ್ ತಾನಾಗಿಯೇ ಹಿಡಿಯುವುದರಿಂದ ಕ್ಲಚ್ ಕೇಬಲ್ ಇರುವುದಿಲ್ಲ. ಎಕ್ಸಲರೇಟರ್ ಮತ್ತು ಬ್ರೇಕಿನ ಕೇಬಲ್ಲುಗಳ ಆರೈಕೆ ಸಾಕು. 2019ರ ಏಪ್ರಿಲ್‌ನಿಂದ 125 ಸಿ.ಸಿ.ವರೆಗಿನ ಹೊಸ ಗಾಡಿಗಳಿಗೆ ಎರಡೂ ಬ್ರೇಕುಗಳು ಕೂಡಿ ಹಿಡಿಯುವ ವ್ಯವಸ್ಥೆ ಅಥವಾ ಎ.ಬಿ.ಎಸ್. ಕಡ್ಡಾಯವಾಯಿತು. ಹಾಗೆ ಕೂಡಿ ಹಿಡಿಯುವ ಬ್ರೇಕುಗಳನ್ನು ಜೋಡಿಸುವ ಕೇಬಲ್ಲನ್ನು ಮನೆಯಲ್ಲಿ ಬಿಚ್ಚಬೇಡಿ, ಮೆಕ್ಯಾನಿಕ್ಕಿಗೆ ಬಿಡಿ.

ಯಾವ ಎಣ್ಣೆ ಸರಿ? ಯಾವುದು ತಪ್ಪು?

ಹೊಲಿಗೆ ಯಂತ್ರದ ಎಣ್ಣೆ ಅಥವಾ ಹೊಸ ಎಂಜಿನ್ ಆಯಿಲ್ ಸಾಕು. ಎಂಜಿನ್ ಆಯಿಲ್ ಬದಲಿಸಿದಾಗ ಡಬ್ಬದ ತಳದಲ್ಲಿ ಉಳಿದಷ್ಟು ಹೊಸ ಆಯಿಲ್ ಒಂದು ವರ್ಷಕ್ಕೆ ಬರುತ್ತದೆ.

ಕೆಳಕಂಡವುಗಳನ್ನು ಬಳಸಬಾರದು:

ಗ್ರೀಸ್: ಮಂದವಾಗಿರುವುದರಿಂದ ಕೊಳವೆಯೊಳಗೆ ಇಳಿಯುವುದಿಲ್ಲ, ಬಾಯಲ್ಲೇ ಧೂಳು ಹಿಡಿದು ಕೆಸರಾಗುತ್ತದೆ. ನಿಪ್ಪಲ್ಲಿಗೆ ಮಾತ್ರ ಒಂದು ಕಾಳಿನಷ್ಟು ಹಚ್ಚಬಹುದು.

ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ: ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ. ಅಡುಗೆ ಎಣ್ಣೆ ಕಾಲಕ್ರಮದಲ್ಲಿ ಅಂಟಾಗುತ್ತದೆ.

ಸೀಮೆಎಣ್ಣೆ, ಡೀಸೆಲ್: ಇವು ಕೊಳೆ ತೊಳೆಯುತ್ತವೆ, ಆದರೆ ಜಾರುಗುಣ ಉಳಿಸುವುದಿಲ್ಲ. ತುಕ್ಕು ಬಿಡಿಸುವ ಸ್ಪ್ರೇಗಳೂ ಅಷ್ಟೇ. ಸ್ಪ್ರೇ ಹೊಡೆದರೆ ಅದರ ಹಿಂದೆಯೇ ಎಣ್ಣೆ ಬಿಡಬೇಕು.

ಎಂಜಿನ್ನಿನಿಂದ ಇಳಿಸಿದ ಕಪ್ಪು ಆಯಿಲ್: ಇದರಲ್ಲಿ ಮಸಿ ಮತ್ತು ಲೋಹದ ಪುಡಿ ಇರುತ್ತದೆ.

ಇನ್ನೊಂದು ಎಚ್ಚರಿಕೆ. ಈಗಿನ ಕೆಲವು ಗಾಡಿಗಳ ಔಟರಿನೊಳಗೆ ನೈಲಾನ್ ಅಥವಾ ಟೆಫ್ಲಾನ್ ಪದರವಿರುತ್ತದೆ. ಅಂಥವುಗಳಿಗೆ ಎಣ್ಣೆ ಬೇಡವೆಂದು ಕೆಲವು ತಯಾರಕರು ಹೇಳುತ್ತಾರೆ. ಗಾಡಿಯ ಜೊತೆ ಕೊಟ್ಟ ಕೈಪಿಡಿಯನ್ನು ಒಮ್ಮೆ ತೆರೆದು ನೋಡಿ. 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯಂಥ ಹಳೆಯ ಬೈಕನ್ನು ಇಂದಿಗೂ ಓಡಿಸುವವರು ಎಣ್ಣೆ ಬಿಡುವುದನ್ನು ತಪ್ಪಿಸಬಾರದು.

ಬಿಗಿ ಎಲ್ಲಿದೆ ಎಂದು ಮೊದಲು ತಿಳಿಯಿರಿ

ಕ್ಲಚ್ ಬಿಗಿಯಾದರೆ ದೋಷ ಯಾವಾಗಲೂ ಕೇಬಲ್ಲಿನಲ್ಲೇ ಇರುತ್ತದೆ ಎಂದಲ್ಲ. ಮೇಲಿನ ತುದಿ ಬಿಡಿಸಿದ ಮೇಲೆ ಲಿವರನ್ನು ಮಾತ್ರ ಆಡಿಸಿ ನೋಡಿ. ಅದೇ ಬಿಗಿಯಾಗಿದ್ದರೆ ಲಿವರಿನ ಬೋಲ್ಟ್ ಬಿಚ್ಚಿ, ಒರೆಸಿ, ಎಣ್ಣೆ ಬಿಡಬೇಕು. ಲಿವರು ಹಗುರವಾಗಿ ಆಡಿದರೆ ಕೇಬಲ್ಲಿನ ಎರಡು ತುದಿಗಳನ್ನೂ ಬಿಡಿಸಿ, ಒಳತಂತಿಯನ್ನು ಕೈಯಿಂದ ಹಿಂದೆ ಮುಂದೆ ಎಳೆದು ನೋಡಿ. ಕರಕರ ಎನ್ನುತ್ತಾ ತಡೆದರೆ ದೋಷ ಅಲ್ಲೇ ಇದೆ. ಎರಡೂ ಹಗುರವಾಗಿದ್ದು ಕ್ಲಚ್ ಇನ್ನೂ ಬಿಗಿಯಾಗಿದ್ದರೆ ಅದು ಎಂಜಿನ್ ಕಡೆಯ ದೋಷ, ಮೆಕ್ಯಾನಿಕ್ಕಿಗೆ ತೋರಿಸಿ.

ಕ್ಲಚ್ ಕೇಬಲ್ಲಿಗೆ ಎಣ್ಣೆ ಬಿಡುವ ಕ್ರಮ

ಬೆಳಗಿನ ಹಾಲು ಹಾಕಿ ಬಂದ ಮೇಲೆ ಕೆಲಸ ಹಿಡಿಯಿರಿ. ಸಂಜೆಯ ಹಾಲಿನ ಹೊತ್ತಿಗೆ ಗಾಡಿ ಸಿದ್ಧವಾಗಿರಬೇಕು. ಬೇಕಾಗುವ ಸಾಮಾನು ಇಷ್ಟೇ: ಗಾಡಿಯ ಜೊತೆ ಬಂದ ಸ್ಪ್ಯಾನರುಗಳು, ಇಕ್ಕಳ, ಹಳೆ ಬಟ್ಟೆ, ಎರಡು ಚಮಚ ಎಣ್ಣೆ, ದಾರ ಅಥವಾ ರಬ್ಬರ್ ಬ್ಯಾಂಡ್, ತೊಳೆದು ಒಣಗಿಸಿದ ಒಂದು ಖಾಲಿ ಹಾಲಿನ ಪ್ಯಾಕೆಟ್.

1. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಗಾಡಿಯನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಕೇಬಲ್ಲು ಯಾವ ದಾರಿಯಲ್ಲಿ, ಯಾವ ಕ್ಲಿಪ್ಪಿನೊಳಗೆ ಹೋಗಿದೆ ಎಂಬುದನ್ನು ನೋಡಿ ನೆನಪಿಟ್ಟುಕೊಳ್ಳಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದರೆ ಇನ್ನೂ ಒಳ್ಳೆಯದು.

2. ಲಿವರಿನ ಬಳಿಯ ರಬ್ಬರ್ ಟೋಪಿ ಸರಿಸಿ. ಲಾಕ್ ನಟ್ ಸಡಿಲಿಸಿ, ಅಡ್ಜಸ್ಟರನ್ನು ಪೂರ್ತಿ ಒಳಗೆ ತಿರುಗಿಸಿ. ಕೇಬಲ್ಲು ಸಡಿಲವಾಗುತ್ತದೆ. ಸಾಲದಿದ್ದರೆ ಎಂಜಿನ್ ಕಡೆಯ ಅಡ್ಜಸ್ಟರನ್ನೂ ಸಡಿಲಿಸಿ.

3. ನಟ್, ಅಡ್ಜಸ್ಟರ್, ಲಿವರ್ ಹಿಡಿ ಮೂರರಲ್ಲೂ ಒಂದೊಂದು ಸೀಳು ಇರುತ್ತದೆ. ಮೂರೂ ಒಂದೇ ಗೆರೆಗೆ ಬರುವಂತೆ ತಿರುಗಿಸಿ, ಔಟರನ್ನು ಹಿಂದಕ್ಕೆ ಎಳೆದು, ಒಳತಂತಿಯನ್ನು ಸೀಳಿನಿಂದ ಹೊರಗೆ ತನ್ನಿ. ನಿಪ್ಪಲ್ಲನ್ನು ಲಿವರಿನ ಗುಳಿಯಿಂದ ಕೆಳಕ್ಕೆ ಜಾರಿಸಿ.

4. ಹೊರಬಂದ ತಂತಿಯನ್ನು ಬಟ್ಟೆಯಿಂದ ಒರೆಸಿ, ನಿಪ್ಪಲ್ಲಿನ ಬುಡವನ್ನು ಬೆಳಕಿಗೆ ಹಿಡಿದು ನೋಡಿ. ಒಂದೇ ಒಂದು ಎಳೆ ಕಡಿದಿದ್ದರೂ ಎಣ್ಣೆ ಬಿಟ್ಟು ಪ್ರಯೋಜನವಿಲ್ಲ, ಹೊಸ ಕೇಬಲ್ ಹಾಕಿ.

5. ಹಾಲಿನ ಪ್ಯಾಕೆಟ್ಟಿನ ತಳದ ಒಂದು ಮೂಲೆಯನ್ನು ಔಟರ್ ತೂರುವಷ್ಟು ಮಾತ್ರ ಕತ್ತರಿಸಿ. ಔಟರಿನ ತುದಿಯನ್ನು ಅದರೊಳಗೆ ಎರಡು ಅಂಗುಲ ತೂರಿಸಿ, ದಾರದಿಂದ ಬಿಗಿಯಾಗಿ ಕಟ್ಟಿ. ಈಗ ಪ್ಯಾಕೆಟ್ಟೇ ಲಾಳಿಕೆಯಾಯಿತು. ಅದನ್ನು ಹ್ಯಾಂಡಲ್ಲಿಗಿಂತ ಎತ್ತರದಲ್ಲಿ ಒಂದು ಮೊಳೆಗೆ ಅಥವಾ ಹಗ್ಗಕ್ಕೆ ಕಟ್ಟಿ.

6. ಎಂಜಿನ್ ಕಡೆಯ ತುದಿಯನ್ನು ಬಿಡಿಸಿ, ಅದರ ಕೆಳಗೆ ಒಂದು ಹಳೆ ಡಬ್ಬಿ ಇಡಿ. ಪ್ಯಾಕೆಟ್ಟಿಗೆ ಎರಡು ಚಮಚ ಎಣ್ಣೆ ಹಾಕಿ, ಒಳತಂತಿಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸುತ್ತಿರಿ.

7. ಒಂದೆರಡು ಗಂಟೆ ಹಾಗೆಯೇ ಬಿಡಿ. ಮೊದಲು ಕಪ್ಪಗೆ ಅಥವಾ ಕೆಂಪಗೆ ಕೊಳೆ ಇಳಿಯುತ್ತದೆ. ತಿಳಿ ಎಣ್ಣೆ ತೊಟ್ಟಿಕ್ಕುವವರೆಗೂ ಎಣ್ಣೆ ಹಾಕಿ, ನಂತರ ತುದಿಗಳನ್ನು ಒರೆಸಿ.

8. ನಿಪ್ಪಲ್ಲುಗಳಿಗೆ ಚೂರು ಗ್ರೀಸ್ ಹಚ್ಚಿ, ಬಿಚ್ಚಿದ ಕ್ರಮಕ್ಕೆ ಹಿಂದುಮುಂದಾಗಿ ಜೋಡಿಸಿ. ಕೊನೆಯಲ್ಲಿ ಸೀಳುಗಳು ಒಂದೇ ಗೆರೆಯಲ್ಲಿ ಉಳಿಯದಂತೆ ತಿರುಗಿಸಿ ಲಾಕ್ ನಟ್ ಬಿಗಿ ಮಾಡಿ. ಒಂದೇ ಗೆರೆಯಲ್ಲಿದ್ದರೆ ಕೇಬಲ್ಲು ದಾರಿಯಲ್ಲಿ ಜಾರಿ ಹೊರಬರಬಹುದು.

9. ಲಿವರಿನ ತುದಿಯಲ್ಲಿ ಸ್ವಲ್ಪ ಖಾಲಿ ಓಟ ಇರಬೇಕು. ಸಾಮಾನ್ಯವಾಗಿ ಸಣ್ಣ ಬೈಕುಗಳಲ್ಲಿ ಇದು 10ರಿಂದ 20 ಮಿಲಿಮೀಟರ್. ಖಾಲಿ ಓಟ ಇಲ್ಲದಿದ್ದರೆ ಕ್ಲಚ್ ಪೂರ್ತಿ ಕಚ್ಚದೆ ಪ್ಲೇಟು ಸವೆಯುತ್ತದೆ. ಹೆಚ್ಚಾದರೆ ಗೇರು ಬೀಳುವುದಿಲ್ಲ.

ಎಂಜಿನ್ ಕಡೆಯ ತುದಿ ಬಿಚ್ಚಲು ಧೈರ್ಯವಿಲ್ಲದವರು ಮೇಲಿನ ತುದಿಯನ್ನು ಮಾತ್ರ ಬಿಡಿಸಿ, ಕೆಳಗೆ ಬಟ್ಟೆ ಸುತ್ತಿ, ಇದೇ ರೀತಿ ಎಣ್ಣೆ ಬಿಡಬಹುದು. ಏನೂ ಮಾಡದಿರುವುದಕ್ಕಿಂತ ಇದು ಎಷ್ಟೋ ಮೇಲು.

ಎಕ್ಸಲರೇಟರ್ ಕೇಬಲ್

ಕ್ಲಚ್ ಕೇಬಲ್ಲು ಕಡಿದರೆ ಗಾಡಿ ನಿಲ್ಲುತ್ತದೆ. ಎಕ್ಸಲರೇಟರ್ ಕೇಬಲ್ಲು ಸಿಕ್ಕಿಕೊಂಡರೆ ಗಾಡಿ ನಿಲ್ಲುವುದೇ ಇಲ್ಲ. ಆದ್ದರಿಂದ ಇಲ್ಲಿ ಹೆಚ್ಚು ಎಚ್ಚರ ಬೇಕು. ಹಿಡಿಯ ಬಳಿ ಇರುವ ಎರಡು ಸ್ಕ್ರೂ ಬಿಚ್ಚಿದರೆ ಮೇಲಿನ ತುದಿ ಕಾಣುತ್ತದೆ. ಅಲ್ಲಿ ಐದಾರು ತೊಟ್ಟು ಎಣ್ಣೆ ಸಾಕು. ಹೆಚ್ಚು ಸುರಿದರೆ ಅದು ಕೆಳಗಿಳಿದು ಕಾರ್ಬೊರೇಟರಿಗೆ ಸೇರುತ್ತದೆ. ಕೆಲವು ಗಾಡಿಗಳಲ್ಲಿ ತೆರೆಯಲು ಒಂದು, ಮುಚ್ಚಲು ಒಂದು ಎಂದು ಎರಡು ಕೇಬಲ್ಲುಗಳಿರುತ್ತವೆ, ಅದಲುಬದಲು ಮಾಡಬಾರದು. ಪೆಟ್ರೋಲ್ ಇಂಜೆಕ್ಷನ್ ಇರುವ ಹೊಸ ಗಾಡಿಗಳಲ್ಲಿ ಎಂಜಿನ್ ಕಡೆಯ ತುದಿಯನ್ನು ಮುಟ್ಟದಿರುವುದೇ ಲೇಸು.

ಜೋಡಿಸಿದ ಮೇಲೆ ಎರಡು ಪರೀಕ್ಷೆ ಮಾಡಿ. ಎಂಜಿನ್ ಆರಿರುವಾಗ ಹಿಡಿಯನ್ನು ಪೂರ್ತಿ ತಿರುಗಿಸಿ ಬಿಡಿ. ಅದು ಟಕ್ಕನೆ ತಾನಾಗಿಯೇ ಹಿಂದಕ್ಕೆ ಬರಬೇಕು. ಹ್ಯಾಂಡಲ್ಲನ್ನು ನೇರವಾಗಿ, ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ಇಟ್ಟು ಮೂರು ಸಲ ನೋಡಿ. ಅನಂತರ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಚಾಲೂ ಮಾಡಿ ಹ್ಯಾಂಡಲ್ಲನ್ನು ಎರಡೂ ಕಡೆ ತಿರುಗಿಸಿ. ಎಂಜಿನ್ನಿನ ಸದ್ದು ತಾನಾಗಿ ಏರಿದರೆ ಕೇಬಲ್ಲು ಬಿಗಿಯಾಗಿದೆ ಅಥವಾ ದಾರಿ ತಪ್ಪಿ ಕೂತಿದೆ ಎಂದರ್ಥ. ಅದನ್ನು ಸರಿಪಡಿಸುವವರೆಗೆ ರಸ್ತೆಗೆ ಇಳಿಸಬೇಡಿ. ಗೇರಿಲ್ಲದ ಮೊಪೆಡ್ಡಿನಲ್ಲಿ ಈ ಎರಡನೆಯ ಪರೀಕ್ಷೆಯನ್ನು ನಡು ಸ್ಟ್ಯಾಂಡಿನ ಮೇಲೆ, ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ನಿಲ್ಲಿಸಿ ಮಾಡಿ.

ಬ್ರೇಕ್ ಕೇಬಲ್

ಇಲ್ಲಿ ಒಂದೇ ಅಪಾಯ, ಎಣ್ಣೆ ಡ್ರಮ್ಮಿನೊಳಗೆ ಇಳಿಯುವುದು. ಬ್ರೇಕ್ ಶೂಗೆ ಎಣ್ಣೆ ತಾಗಿದರೆ ಬ್ರೇಕು ಹಿಡಿಯುವುದಿಲ್ಲ, ಶೂ ಬದಲಿಸಬೇಕಾಗುತ್ತದೆ. ಆದ್ದರಿಂದ ಚಕ್ರದ ಕಡೆಯ ತುದಿಯನ್ನು ತಪ್ಪದೆ ಬಿಡಿಸಿ, ಚಕ್ರದಿಂದ ದೂರ ತಂದು, ಡಬ್ಬಿಯೊಳಗೆ ಇಟ್ಟ ಮೇಲೆಯೇ ಎಣ್ಣೆ ಬಿಡಿ. ಚೆನ್ನಾಗಿ ಒರೆಸಿ ಜೋಡಿಸಿ. ಲಿವರ್ ಬಿಟ್ಟಾಗ ಚಕ್ರ ಸಲೀಸಾಗಿ ತಿರುಗಬೇಕು, ಹಿಡಿದಾಗ ನಿಲ್ಲಬೇಕು. ಕ್ಯಾನು ಕಟ್ಟುವ ಮೊದಲು ಖಾಲಿ ಗಾಡಿಯನ್ನು ಮನೆಯ ಮುಂದೆ ನಿಧಾನವಾಗಿ ಓಡಿಸಿ, ಬ್ರೇಕು ಹಿಡಿದು ನೋಡಿ. ಹಾಲಿನ ಭಾರ ಕೂಡಿದಾಗ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ ಎಂಬುದನ್ನು ಮರೆಯಬೇಡಿ. ಬ್ರೇಕಿನ ವಿಷಯದಲ್ಲಿ ಚೂರು ಸಂದೇಹವಿದ್ದರೂ ಮೆಕ್ಯಾನಿಕ್ಕಿಗೆ ತೋರಿಸಿ.

ಎಣ್ಣೆಯಿಂದ ಆಗದ ಕೆಲಸ

ಒಣಗಿದ ಕೇಬಲ್ಲಿಗೆ ಎಣ್ಣೆ ಮದ್ದು. ಕಡಿಯುತ್ತಿರುವ ಕೇಬಲ್ಲಿಗೆ ಅಲ್ಲ. ಎಳೆ ಬಿಚ್ಚಿದ್ದರೆ, ಔಟರ್ ಮುರಿದು ಮಡಿಚಿದ್ದರೆ, ಪ್ಲಾಸ್ಟಿಕ್ ಹೊದಿಕೆ ಸೀಳಿ ಒಳಗಿನ ಸುರುಳಿ ಕಾಣುತ್ತಿದ್ದರೆ, ಎಣ್ಣೆ ಬಿಟ್ಟರೂ ಕರಕರ ನಿಲ್ಲದಿದ್ದರೆ, ಅಡ್ಜಸ್ಟರ್ ಪೂರ್ತಿ ತಿರುಗಿಸಿದರೂ ಖಾಲಿ ಓಟ ಸರಿಹೋಗದಿದ್ದರೆ ಕೇಬಲ್ಲನ್ನು ಬದಲಿಸಲೇಬೇಕು. ತಂತಿಗೆ ಗಂಟು ಹಾಕಿ ಓಡಿಸುವುದು ಜೀವದ ಜೊತೆ ಆಟ. ಒಂದು ಹೊಸ ಕ್ಲಚ್ ಕೇಬಲ್ಲನ್ನು ತಂದು ಗಾಡಿಯ ಪೆಟ್ಟಿಗೆಯಲ್ಲಿ ಇಟ್ಟಿರಿ. ಕೆಟ್ಟುಹೋದ ಒಂದು ಹೊತ್ತಿನ ಹಾಲಿನ ಮುಂದೆ ಅದರ ಬೆಲೆ ದೊಡ್ಡದಲ್ಲ.

ಹಾಲಿಗೂ ಹಸುವಿಗೂ ಸಂಬಂಧಿಸಿದ ಎಚ್ಚರಿಕೆಗಳು

ಹಾಲು ಉತ್ಪಾದಕರಾದ ನಾವು ಬೇರೆಯವರಿಗಿಂತ ಹೆಚ್ಚು ಜಾಗ್ರತೆ ವಹಿಸಬೇಕಾದ ಮೂರು ಅಂಶಗಳಿವೆ.

ಮೊದಲನೆಯದು ವಾಸನೆ. ಹಾಲು ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಎಣ್ಣೆ, ಪೆಟ್ರೋಲು, ಸೀಮೆಎಣ್ಣೆ ತಾಗಿದ ಕೈಯಲ್ಲಿ ಕೆಚ್ಚಲು, ಕ್ಯಾನು ಮುಟ್ಟಬೇಡಿ. ಸೋಪು ಹಚ್ಚಿ ಉಗುರಿನ ಸಂದಿಯವರೆಗೂ ಕೈ ತೊಳೆದು, ಬಟ್ಟೆ ಬದಲಿಸಿ ಹಾಲು ಕರೆಯಲು ಕೂರಿ. ಗಾಡಿ ಬಿಚ್ಚುವ ಕೆಲಸ ಕೊಟ್ಟಿಗೆಯಲ್ಲಿ ಬೇಡ.

ಎರಡನೆಯದು ತಂತಿಯ ಚೂರು. ಕಡಿದ ಕೇಬಲ್ಲಿನ ಎಳೆಗಳು ಸೂಜಿಯಂತಿರುತ್ತವೆ. ಅವು ಹುಲ್ಲಿಗೆ ಬಿದ್ದರೆ ಹಸು ನೋಡದೆ ನುಂಗುತ್ತದೆ. ನುಂಗಿದ ತಂತಿ ಎರಡನೆಯ ಹೊಟ್ಟೆಯಲ್ಲಿ ನಿಲ್ಲುತ್ತದೆ. ಹೃದಯ ಅಲ್ಲಿಂದ ಹೆಚ್ಚು ದೂರವಿಲ್ಲ. ತಂತಿ ಹೊಟ್ಟೆಯ ಗೋಡೆಯನ್ನು ಚುಚ್ಚಿ ವಪೆಯನ್ನು ದಾಟಿ ಹೃದಯದ ಚೀಲವನ್ನು ಮುಟ್ಟಿದರೆ ರಾಸನ್ನು ಉಳಿಸಿಕೊಳ್ಳುವುದು ಕಷ್ಟ. ಆದ್ದರಿಂದ ಹಳೆ ಕೇಬಲ್ಲನ್ನು ಸುರುಳಿ ಸುತ್ತಿ ಗುಜರಿಗೆ ಹಾಕಿ. ಕೆಲಸ ಮಾಡಿದ ಜಾಗವನ್ನು ಗುಡಿಸಿ, ಒಂದು ಆಯಸ್ಕಾಂತ ಆಡಿಸಿದರೆ ಇನ್ನೂ ಕ್ಷೇಮ.

ಮೂರನೆಯದು ಎಣ್ಣೆ ಹತ್ತಿದ ಪ್ಯಾಕೆಟ್ಟು ಮತ್ತು ಬಟ್ಟೆ. ಅವುಗಳನ್ನು ತಿಪ್ಪೆಗೆ ಎಸೆಯಬೇಡಿ. ಮೇಯುವ ರಾಸು ಅವನ್ನೂ ಬಿಡುವುದಿಲ್ಲ.

ಯಾವಾಗ ಮಾಡಬೇಕು?

ಬಟವಾಡೆಯ ದಿನಗಳಂದು ಲಿವರುಗಳನ್ನು ಒಮ್ಮೆ ಹಿಡಿದು ನೋಡಿ, ನಿಪ್ಪಲ್ಲಿನ ಬುಡ ಗಮನಿಸಿ. ತಿಂಗಳಿಗೊಮ್ಮೆ ಲಿವರಿನ ಬೋಲ್ಟಿಗೂ ನಿಪ್ಪಲ್ಲಿಗೂ ಎರಡು ತೊಟ್ಟು ಎಣ್ಣೆ ಬಿಡಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ಹೀಗೆ ವರ್ಷಕ್ಕೆ ಎರಡು ಸಲ ಮೇಲೆ ವಿವರಿಸಿದಂತೆ ಬಿಚ್ಚಿ ಎಣ್ಣೆ ಬಿಡಿ. ಕಾಲುಬಾಯಿ ಜ್ವರದ ಲಸಿಕೆಯನ್ನೂ ವರ್ಷಕ್ಕೆ ಎರಡು ಬಾರಿ ಹಾಕಿಸುತ್ತೇವಲ್ಲವೇ? ಲಸಿಕೆ ಹಾಕಿಸಿದ ವಾರವೇ ಗಾಡಿಯ ಕೇಬಲ್ಲನ್ನೂ ನೋಡುವ ರೂಢಿ ಇಟ್ಟುಕೊಂಡರೆ ಮರೆತುಹೋಗುವುದಿಲ್ಲ. ನಡುವೆ ಯಾವಾಗಲಾದರೂ ಲಿವರು ಬಿಗಿಯಾದರೆ ದಿನ ಲೆಕ್ಕ ಹಾಕುತ್ತಾ ಕೂರಬೇಡಿ, ಆ ದಿನವೇ ನೋಡಿ.

ಹಸು ಮೇವು ಬಿಟ್ಟರೆ, ಕಿವಿ ಜೋಲು ಬಿಟ್ಟರೆ ನಮಗೆ ತಕ್ಷಣ ತಿಳಿಯುತ್ತದೆ. ಗಾಡಿಯೂ ತನ್ನ ಕಷ್ಟವನ್ನು ಕೈಗೆ ಹೇಳುತ್ತದೆ. ಆ ಬಿಗಿಯನ್ನು ಕೈ ಸೋತಿದ್ದು ಎಂದು ತಳ್ಳಿಹಾಕದೆ ಅರ್ಧ ದಿನ ಬಿಡುವು ಮಾಡಿಕೊಳ್ಳಿ. ನಸುಕಿನಲ್ಲೆದ್ದು ಸಗಣಿ ಬಾಚಿ, ಮೇವು ಹಾಕಿ, ಹಾಲು ಕರೆದ ಮನೆಮಂದಿಯ ದುಡಿಮೆ ಒಂದು ತುಕ್ಕು ಹಿಡಿದ ತಂತಿಯಿಂದಾಗಿ ದಾರಿಯಲ್ಲಿ ಕೆಡಬಾರದು. ಹಾಲು ಹಾಕಲು ಹೋದವರು ಕ್ಷೇಮವಾಗಿ ಮನೆಗೆ ಹಿಂತಿರುಗಬೇಕು.